ಹೀಲ್ ಹೊರುವ ಭಾರ

ಬೂಟು ಅಥವಾ ಚಪ್ಪಲಿಯ ಅಟ್ಟೆಯ ಕೆಳಗೆ, ಹಿಮ್ಮಡಿಯ ನೇರಕ್ಕೆ ಕೂರಿಸಿದ ಗಟ್ಟಿ ತುಂಡೇ ಹೀಲ್. ಗಂಡಸರ ಆಫೀಸು ಬೂಟಿನಲ್ಲಿ ಅದು ಎರಡೂವರೆ ಸೆಂಟಿಮೀಟರಿನ ಆಸುಪಾಸಿನ ದಪ್ಪ ಕಟ್ಟೆ. ಓಟದ ಬೂಟಿನಲ್ಲಿ ಬೇರೆಯಾಗಿ ಕಣ್ಣಿಗೆ ಬೀಳದ, ಅಟ್ಟೆಯೊಳಗೇ ಕರಗಿಹೋದ ಇಳಿಜಾರು. ಸ್ಟಿಲೆಟೊದಲ್ಲಿ ಹತ್ತು ಸೆಂಟಿಮೀಟರ್ ಉದ್ದದ ಕಡ್ಡಿ. ನೋಟಕ್ಕೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಈ ಮೂರೂ ಮಾಡುವುದು ಒಂದೇ ಕೆಲಸ: ಮೈಭಾರ ನೆಲಕ್ಕೆ ಇಳಿಯುವ ದಾರಿಯನ್ನು ಬದಲಿಸುತ್ತವೆ. ಹೀಲ್ ಎಂದೊಡನೆ ಮಾತು ಎತ್ತರದ ಕಡೆಗೇ ಹೊರಳುತ್ತದೆ. ಆದರೆ ಹೀಲ್ ಎಷ್ಟು ಅಗಲವಿದೆ, ಹಿಮ್ಮಡಿ ಮೂಳೆಯ ಕೆಳಗೆ ಸರಿಯಾಗಿ ಎಲ್ಲಿ ನಿಂತಿದೆ, ಯಾವ ವಸ್ತುವಿನದು, ಅಟ್ಟೆಯೊಳಗೆ ಅದಕ್ಕೆ ಆಸರೆ ಏನಿದೆ ಎಂಬ ಸಂಗತಿಗಳು ಎತ್ತರದಷ್ಟೇ ಮುಖ್ಯ. ಕಾಲು ನೋಯುವುದಕ್ಕೂ ಬೂಟು ಮುರಿಯುವುದಕ್ಕೂ ಎಷ್ಟೋ ಸಲ ಕಾರಣ ಇವುಗಳಲ್ಲೇ ಇರುತ್ತದೆ.

ಬರಿಗಾಲಿನ ಲೆಕ್ಕ

ಮನುಷ್ಯನ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವುಗಳಲ್ಲಿ ದೊಡ್ಡದು ಹಿಮ್ಮಡಿಯ ಮೂಳೆ. ಅದರ ಹಿಂಬದಿಗೆ ಮೀನಖಂಡದಿಂದ ಇಳಿದು ಬರುವ ಅಕಿಲಿಸ್ ಸ್ನಾಯುರಜ್ಜು ಅಂಟಿಕೊಂಡಿದೆ; ಅಡಿಯಲ್ಲಿ ಸುಮಾರು 18 ಮಿಲಿಮೀಟರ್ ದಪ್ಪದ ಕೊಬ್ಬಿನ ಮೆತ್ತೆ. ಈ ಕೊಬ್ಬು ಹೊಟ್ಟೆಯ ಕೊಬ್ಬಿನ ಹಾಗೆ ಸಡಿಲವಾಗಿ ಹರಡಿಕೊಂಡಿಲ್ಲ. ಗಟ್ಟಿ ನಾರಿನ ಗೋಡೆಗಳಿರುವ ಪುಟ್ಟ ಪುಟ್ಟ ಕೋಣೆಗಳಲ್ಲಿ ಅದನ್ನು ಬಿಗಿದು ಇಟ್ಟಿದೆ. ಒತ್ತಿದಾಗ ಕೊಬ್ಬು ಪಕ್ಕಕ್ಕೆ ಜಾರಿಹೋಗದೆ ಅಲ್ಲೇ ಅಮುಕಿಕೊಂಡು ಮತ್ತೆ ಮೇಲೇಳುವುದು ಈ ಏರ್ಪಾಟಿನಿಂದ. ವಯಸ್ಸಾದಂತೆ ನಾರಿನ ಗೋಡೆಗಳು ಸಡಿಲವಾಗುತ್ತವೆ, ಮೆತ್ತೆಯ ಪುಟಿತ ಕಡಿಮೆಯಾಗುತ್ತದೆ. ಬರಿನೆಲದ ಮೇಲೆ ಓಡಾಡಿದರೆ ಹಿಮ್ಮಡಿ ನೋಯುತ್ತದೆ ಎಂದು ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಬರಿಗಾಲಲ್ಲಿ ಸುಮ್ಮನೆ ನಿಂತವರ ಪಾದದಡಿಯ ಒತ್ತಡವನ್ನು ಅಳೆದಾಗ ಭಾರದ ಸುಮಾರು ಶೇ. 60 ಹಿಮ್ಮಡಿಯ ಮೇಲೂ ಶೇ. 28 ಬೆರಳುಗಳ ಬುಡದ ಮುಂಗಾಲಿನ ಮೇಲೂ ಬೀಳುವುದು ಕಂಡುಬಂದಿದೆ. ನಡುವಿನ ಕಮಾನು ಮತ್ತು ಬೆರಳುಗಳಿಗೆ ಸಿಗುವ ಪಾಲು ಅಲ್ಪ. ನಡೆಯುವಾಗ ಈ ಭಾರ ಒಂದು ಕಡೆ ನಿಲ್ಲುವುದಿಲ್ಲ. ಹಿಮ್ಮಡಿಯ ಹಿಂದಿನ ಹೊರಮೂಲೆ ಮೊದಲು ನೆಲ ಮುಟ್ಟುತ್ತದೆ, ಪಾದ ಒಳಮಗ್ಗುಲಿಗೆ ತುಸು ಹೊರಳುತ್ತ ಪೂರ್ತಿ ನೆಲಕ್ಕೆ ಕೂರುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತಿ ಕಾಲು ಗಾಳಿಗೇರುತ್ತದೆ. ಸಹಜ ನಡಿಗೆಯಲ್ಲಿ ನೆಲ ತಿರುಗಿಸಿ ಕೊಡುವ ಬಲ ಮೈತೂಕಕ್ಕಿಂತ ತುಸುವೇ ಹೆಚ್ಚು. ಓಟದಲ್ಲಿ ಎರಡು ಮೂರು ಪಟ್ಟು.

ಹಿಮ್ಮಡಿಯನ್ನು ಮೊದಲು ಊರುವ ಅಭ್ಯಾಸ ಕಾರಣವಿಲ್ಲದ್ದಲ್ಲ. ನಾಯಿ, ಬೆಕ್ಕುಗಳು ಬೆರಳ ಮೇಲೆ ನಡೆಯುತ್ತವೆ, ಕುದುರೆ ಗೊರಸಿನ ತುದಿಯಲ್ಲಿ. ಮನುಷ್ಯ ಕರಡಿಯಂತೆ ಇಡೀ ಪಾದ ಊರುತ್ತಾನೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಕ್ಯಾರಿಯರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ಹಿಮ್ಮಡಿಯನ್ನು ನೆಲದಿಂದ ತುಸು ಎತ್ತಿಕೊಂಡು ಮುಂಗಾಲಲ್ಲಿ ನಡೆದಾಗ ಖರ್ಚಾಗುವ ಶಕ್ತಿ ಶೇ. 53ರಷ್ಟು ಏರಿತು. ಓಟದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಿಮ್ಮಡಿ ಊರುವುದು ನಡಿಗೆಗೆಂದೇ ಒದಗಿದ ಮಿತವ್ಯಯ.

ಹಳೆಯ ಬೂಟನ್ನು ಮಗುಚಿ ನೋಡಿದರೆ ಈ ಚಲನೆಯ ದಾಖಲೆಯೇ ಸಿಗುತ್ತದೆ. ಹೀಲ್‌ನ ಹಿಂದಿನ ಹೊರಮೂಲೆ ಸವೆದು ಓರೆಯಾಗಿರುತ್ತದೆ, ಒಳಮಗ್ಗುಲಿನ ಅಂಚು ಹೆಚ್ಚುಕಡಿಮೆ ಹೊಸದರಂತೆ ಉಳಿದಿರುತ್ತದೆ. ಕಾಲು ಸೊಟ್ಟ ಎಂದು ಇದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಸ್ವಲ್ಪ ಮಟ್ಟಿನ ಸವೆತ ಅಲ್ಲಿಯೇ ಆಗಬೇಕು. ಒಳಮೂಲೆ ಸವೆದಿದ್ದರೆ ಅಥವಾ ಎರಡು ಕಾಲಿನ ಸವೆತ ತೀರ ಬೇರೆಯಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಚಮ್ಮಾರರು ಅರ್ಧಚಂದ್ರದ ಲಾಳವನ್ನು ಆ ಮೂಲೆಗೇ ಹೊಡೆಯುವುದು, ಒಳ್ಳೆಯ ಚರ್ಮದ ಹೀಲ್‌ನಲ್ಲಿ ಹೊರಮೂಲೆಗೆ ಮಾತ್ರ ರಬ್ಬರ್ ತುಂಡು ಕೂರಿಸುವುದು ಈ ಲೆಕ್ಕದ ಮೇಲೆಯೇ. ಹೀಲ್‌ನ ಹಿಂಬದಿಯ ಅಂಚನ್ನು ತಯಾರಿಸುವಾಗಲೇ ಕೊಂಚ ಓರೆಯಾಗಿ ಕತ್ತರಿಸಿದರೆ ಮೊದಲ ಸ್ಪರ್ಶ ಗೆರೆಯಷ್ಟು ತೆಳ್ಳಗಾಗದೆ ಅಗಲವಾಗುತ್ತದೆ, ಒದ್ದೆ ನೆಲದಲ್ಲಿ ಹಿಡಿತ ಸಿಗುತ್ತದೆ. ಕಾಲು ಮುಂದಕ್ಕೆ ಜಾರಿ ಬೀಳುವ ಅಪಾಯ ಹೆಚ್ಚಿರುವುದು ಹೀಲ್ ನೆಲ ಮುಟ್ಟಿದ ಆ ಮೊದಲ ಗಳಿಗೆಯಲ್ಲೇ.

ಕುದುರೆಯ ಮೇಲಿಂದ

ಇಷ್ಟಾಗಿ, ನಡೆಯಲು ಹೀಲ್ ಬೇಕೇ ಬೇಕೆಂದೇನಿಲ್ಲ. ಅದು ಹುಟ್ಟಿದ್ದೂ ನಡಿಗೆಗಾಗಿ ಅಲ್ಲ. ಪಶ್ಚಿಮ ಏಷ್ಯಾದ, ಅದರಲ್ಲೂ ಪರ್ಷಿಯಾದ ಕುದುರೆ ಸವಾರರ ಪಾದರಕ್ಷೆಯಲ್ಲಿ ಹೀಲ್ ಬಹಳ ಹಿಂದಿನಿಂದ ಇತ್ತು. ಜೀನಿನಿಂದ ಇಳಿಬಿದ್ದ ರಿಕಾಪಿನಲ್ಲಿ ಕಾಲಿಟ್ಟು ಎದ್ದುನಿಂತು ಬಿಲ್ಲು ಹೂಡುವ ಸವಾರನ ಪಾದ ಮುಂದಕ್ಕೆ ಜಾರಬಾರದು. ಹೀಲ್‌ನ ಮುಂದಿನ ನೇರ ಮುಖ ರಿಕಾಪಿನ ಬಳೆಗೆ ಕೊಕ್ಕೆಯಂತೆ ಸಿಕ್ಕಿ ನಿಲ್ಲುತ್ತದೆ. 1599ರಲ್ಲಿ ಪರ್ಷಿಯಾದ ದೊರೆ ಶಾ ಅಬ್ಬಾಸ್ ಯುರೋಪಿನ ಆಸ್ಥಾನಗಳಿಗೆ ರಾಯಭಾರಿಗಳನ್ನು ಕಳಿಸಿದ. ಆ ಹೊತ್ತಿನಿಂದ ಪರ್ಷಿಯನ್ ಸವಾರನ ಶೈಲಿ ಯುರೋಪಿನ ಗಂಡಸರಿಗೆ ಹಿಡಿಸಿತು ಎಂದು ಟೊರಾಂಟೊದ ಬಾಟಾ ಪಾದರಕ್ಷೆ ಸಂಗ್ರಹಾಲಯದ ಎಲಿಜಬೆತ್ ಸೆಮ್ಮೆಲ್‌ಹ್ಯಾಕ್ ವಿವರಿಸುತ್ತಾರೆ. 1701ರಲ್ಲಿ ಹ್ಯಾಸಿಂಥ್ ರಿಗೋ ಬರೆದ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಚಿತ್ರದಲ್ಲಿ ಅರಸನ ಬಿಳಿ ಬೂಟಿಗೆ ಕೆಂಪು ಹೀಲ್ ಇದೆ. ಆ ಅರಸ ಅದನ್ನು ತೊಟ್ಟು ರಿಕಾಪಿನಲ್ಲಿ ನಿಂತು ಬಾಣ ಬಿಡುತ್ತಿರಲಿಲ್ಲ; ಹೀಲ್ ಆಗಲೇ ಕೆಲಸ ಬಿಟ್ಟು ಅಂತಸ್ತಿಗೆ ಸೇರಿತ್ತು.

ಸವಾರಿಯ ಕೆಲಸವನ್ನು ಮರೆಯದೆ ಉಳಿದದ್ದು ಅಮೆರಿಕದ ದನಗಾಹಿಗಳ ಕೌಬಾಯ್ ಬೂಟು. ಅದರ ಹೀಲ್ ಕೆಳಗಿಳಿದಂತೆ ಮುಂದಕ್ಕೆ ಓರೆಯಾಗುತ್ತದೆ, ಅಟ್ಟೆ ಮಾತ್ರ ನುಣ್ಣಗಿನ ಚರ್ಮದ್ದು. ಕಾಲು ರಿಕಾಪಿನಲ್ಲಿ ತೂರಿಹೋಗದಂತೆ ಹೀಲ್ ತಡೆದರೆ, ಸವಾರ ಬಿದ್ದಾಗ ಕಾಲು ಸಿಕ್ಕಿಬಿದ್ದು ಕುದುರೆ ಅವನನ್ನು ಎಳೆದೊಯ್ಯದಂತೆ ನುಣುಪಾದ ಅಟ್ಟೆ ಜಾರಿ ಬಿಡಿಸುತ್ತದೆ. ಏಣಿ ಹತ್ತುವ ವಿದ್ಯುತ್ ಕಂಬದ ಕೆಲಸಗಾರರ, ಅಗ್ನಿಶಾಮಕರ ಬೂಟಿಗೆ ಇಂದಿಗೂ ಚೌಕಾಕಾರದ ಹೀಲ್ ಇರುವುದಕ್ಕೆ ಕಾರಣ ಅದೇ. ಇಲ್ಲಿ ರಿಕಾಪಿನ ಜಾಗದಲ್ಲಿ ಏಣಿಯ ಮೆಟ್ಟಿಲು.

ಯುರೋಪಿನಲ್ಲಿ ಹೀಲ್ ಬಂದದ್ದರ ಒಂದು ಅಡ್ಡಪರಿಣಾಮ ವಿಚಿತ್ರವಾದದ್ದು. ಬೂಟನ್ನು ಮರದ ಪಾದದ ಅಚ್ಚಿನ ಮೇಲೆ ಕಟ್ಟುತ್ತಾರೆ. ಇದಕ್ಕೆ ಲಾಸ್ಟ್ ಎಂದು ಹೆಸರು. ಹೀಲ್ ಇದ್ದರೆ ಎತ್ತರಕ್ಕೊಂದು, ಅಳತೆಗೊಂದು ಲಾಸ್ಟ್ ಬೇಕು. ಎಡಕ್ಕೆ ಒಂದು, ಬಲಕ್ಕೆ ಅದರ ಕನ್ನಡಿ ಬಿಂಬದಂಥ ಇನ್ನೊಂದು ಕೆತ್ತುವುದು ದುಬಾರಿಯಾಗಿ, ಸುಮಾರು ಇನ್ನೂರು ವರ್ಷ ಎಡಬಲದ ಭೇದವಿಲ್ಲದ ನೆಟ್ಟನೆಯ ಬೂಟುಗಳೇ ರೂಢಿಯಾದವು. ತೊಡುತ್ತ ತೊಡುತ್ತ ಅವು ಆಯಾ ಕಾಲಿನ ಆಕಾರಕ್ಕೆ ಬರಬೇಕಿತ್ತು. ಮ್ಯಾಸಚೂಸೆಟ್ಸ್‌ನ ಥಾಮಸ್ ಬ್ಲಾಂಚರ್ಡ್ ಬಂದೂಕಿನ ಹಿಡಿ ಕಡೆಯಲು 1819ರ ಸುಮಾರಿಗೆ ರೂಪಿಸಿದ ಲೇತ್ ವಕ್ರ ಆಕಾರಗಳನ್ನು ಯಂತ್ರದಿಂದಲೇ ನಕಲು ಮಾಡಬಲ್ಲದಾಗಿತ್ತು. ಅದನ್ನು ಲಾಸ್ಟ್ ಕಡೆಯಲು ಬಳಸಿದ ಮೇಲೆ ಎಡ ಬಲ ಬೇರೆ ಮಾಡುವುದು ಮತ್ತೆ ಅಗ್ಗವಾಯಿತು.

ಲಾಸ್ಟ್, ಶ್ಯಾಂಕ್ ಮತ್ತು ಇಳಿಜಾರು

ಹೀಲ್ ಎಂಬುದು ಬೂಟಿಗೆ ಕೊನೆಯಲ್ಲಿ ಅಂಟಿಸುವ ಬಿಡಿಭಾಗವಲ್ಲ. ಅದರ ಎತ್ತರ ನಿಗದಿಯಾದ ಮೇಲೆಯೇ ಬೂಟಿನ ಉಳಿದೆಲ್ಲ ಗೆರೆಗಳು ಹುಟ್ಟುತ್ತವೆ. ಸುಮಾರು 24 ಸೆಂಟಿಮೀಟರ್ ಉದ್ದದ ಪಾದದಲ್ಲಿ ಹಿಮ್ಮಡಿಯ ಹಿಂಭಾಗದಿಂದ ಬೆರಳ ಬುಡದವರೆಗಿನ ಅಂತರ 17 ಸೆಂಟಿಮೀಟರಿನಷ್ಟು. ಹಿಂಭಾಗವನ್ನು 5 ಸೆಂಟಿಮೀಟರ್ ಎತ್ತಿದರೆ ಪಾದದ ಇಳಿಜಾರು ಸುಮಾರು 17 ಡಿಗ್ರಿ. 10 ಸೆಂಟಿಮೀಟರ್ ಎತ್ತಿದರೆ ಅದು 36 ಡಿಗ್ರಿ. ಇದೇ 10 ಸೆಂಟಿಮೀಟರ್ ಹೀಲನ್ನು 21.5 ಸೆಂಟಿಮೀಟರಿನ ಪುಟ್ಟ ಪಾದಕ್ಕೆ ಹಾಕಿದರೆ ಇಳಿಜಾರು 41 ಡಿಗ್ರಿ ದಾಟುತ್ತದೆ. ಅಂಗಡಿಯ ಫಲಕದ ಮೇಲಿನ ಸೆಂಟಿಮೀಟರ್ ಲೆಕ್ಕ ಎಲ್ಲರ ಕಾಲಿಗೂ ಒಂದೇ ಅರ್ಥ ಕೊಡುವುದಿಲ್ಲ. ಗಿಡ್ಡ ಪಾದದವರಿಗೆ ಅದೇ ಹೀಲ್ ಹೆಚ್ಚು ಕಡಿದಾದದ್ದು. ಮುಂಭಾಗದ ಅಟ್ಟೆಯನ್ನೂ ಎರಡು ಸೆಂಟಿಮೀಟರ್ ದಪ್ಪ ಮಾಡಿದರೆ ಪಾದಕ್ಕೆ ಅನುಭವಕ್ಕೆ ಬರುವ ಎತ್ತರ ಎಂಟೇ ಸೆಂಟಿಮೀಟರ್. ಪ್ಲಾಟ್‌ಫಾರ್ಮ್ ಬೂಟಿನ ಗುಟ್ಟು ಇದು.

ಇನ್ನು ಹೀಲ್ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಭಾರ ಹಿಮ್ಮಡಿ ಮೂಳೆಯ ಮೂಲಕ ಇಳಿಯುವುದರಿಂದ ಹೀಲ್‌ನ ತುದಿ ಆ ಮೂಳೆಯ ನಡುವಿನ ನೇರ ಕೆಳಗೆ ಬರಬೇಕು. ತುದಿ ಹಿಂದಕ್ಕೆ ಸರಿದಿದ್ದರೆ ಹೀಲ್‌ನ ಬುಡ ಪ್ರತಿ ಹೆಜ್ಜೆಗೂ ಬಾಗುತ್ತ ಕೊನೆಗೆ ಅಟ್ಟೆಯಿಂದ ಕಿತ್ತು ಬರುತ್ತದೆ. ಮುಂದಕ್ಕೆ ಸರಿದಿದ್ದರೆ ತೊಟ್ಟವರು ಹಿಂದಕ್ಕೆ ವಾಲಿದಂತಾಗಿ ಅದನ್ನು ಸರಿದೂಗಿಸಲು ಮುಂದಕ್ಕೆ ಬಾಗುತ್ತಾರೆ. ಹಿಮ್ಮಡಿ ಕೂರುವ ತಾಣವೂ ಮುಖ್ಯ. ಚೆನ್ನಾಗಿ ಮಾಡಿದ ಎತ್ತರದ ಬೂಟಿನಲ್ಲಿ ಆ ತಾಣ ಹೆಚ್ಚುಕಡಿಮೆ ಸಮತಲವಾಗಿದ್ದು, ತುಸು ಬಟ್ಟಲಾಗಿ ಹಿಮ್ಮಡಿಯನ್ನು ಹಿಡಿದಿಡುತ್ತದೆ. ಇಳಿಜಾರು ಅಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ. ಅಗ್ಗದ ಬೂಟಿನಲ್ಲಿ ಹಿಮ್ಮಡಿಯಿಂದ ಬೆರಳವರೆಗೆ ಒಂದೇ ಜಾರು. ಪಾದ ಇಡೀ ದಿನ ಮುಂದಕ್ಕೆ ಸರಿದು ಬೆರಳುಗಳು ಚೂಪು ಮೂತಿಯಲ್ಲಿ ಮುದುಡುತ್ತವೆ. ಎರಡೂ ಬೂಟುಗಳ ಎತ್ತರ ಒಂದೇ ಇದ್ದರೂ ಒಂದರಲ್ಲಿ ಮದುವೆಮನೆ ಸುತ್ತಬಹುದು, ಇನ್ನೊಂದನ್ನು ಊಟದ ಹೊತ್ತಿಗೆ ಕಳಚಿಡಬೇಕಾಗುತ್ತದೆ.

ಹೀಲ್‌ಗೂ ಮುಂಗಾಲಿಗೂ ನಡುವೆ ಪಾದದ ಕಮಾನು ಗಾಳಿಯಲ್ಲಿ ತೂಗಾಡುತ್ತದೆ. ಅಲ್ಲಿ ಅಟ್ಟೆ ಕುಸಿಯದಂತೆ ತಡೆಯುವುದು ಶ್ಯಾಂಕ್. ಹದ ಮಾಡಿದ ಉಕ್ಕಿನ ಒಂದು ಸಣ್ಣ ಪಟ್ಟಿಯನ್ನು ಒಳ ಅಟ್ಟೆಯ ಕೆಳಗೆ ಹುದುಗಿಸಿರುತ್ತಾರೆ. ಪಟ್ಟಿಯ ಉದ್ದಕ್ಕೂ ಒಂದು ಉಬ್ಬುಗೆರೆ ಒತ್ತಿರುವುದರಿಂದ ಅದು ದಪ್ಪವಾಗದೆಯೇ ಬಾಗುವುದಕ್ಕೆ ಬಲವಾಗಿ ಪ್ರತಿರೋಧ ಒಡ್ಡುತ್ತದೆ. ಹೊರಗೆ ಎಂದೂ ಕಾಣದ ಈ ಪಟ್ಟಿಯೇ ಎತ್ತರದ ಹೀಲನ್ನು ಸಾಧ್ಯ ಮಾಡಿರುವುದು. ಶ್ಯಾಂಕ್ ಮುರಿದ ಬೂಟಿನಲ್ಲಿ ಹೀಲ್ ಹಿಂದಕ್ಕೂ ಮುಂದಕ್ಕೂ ಅಲ್ಲಾಡುತ್ತದೆ. ಹೊಸ ಮೊಳೆ ಎಷ್ಟು ಹೊಡೆಸಿದರೂ ಅದು ಸರಿಹೋಗುವುದಿಲ್ಲ.

ಶ್ಯಾಂಕಿನ ಕೊರತೆಯೇ ಒಂದು ಹೊಸ ಹೀಲ್‌ಗೆ ದಾರಿ ಮಾಡಿಕೊಟ್ಟದ್ದೂ ಉಂಟು. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದಾಗ ರಾಷ್ಟ್ರಸಂಘ ಅದರ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಫ್ಲಾರೆನ್ಸ್‌ನ ಬೂಟು ತಯಾರಕ ಸಾಲ್ವತೋರೆ ಫೆರಗಾಮೊಗೆ ಒಳ್ಳೆಯ ಉಕ್ಕು ಸಿಗದಾಯಿತು, ಸಿಕ್ಕಿದ ಉಕ್ಕಿನ ಶ್ಯಾಂಕ್‌ಗಳು ಮುರಿಯತೊಡಗಿದವು. ಅವರು ಹೀಲ್‌ಗೂ ಮುಂಗಾಲಿಗೂ ನಡುವಿನ ಖಾಲಿ ಜಾಗವನ್ನು ಸಾರ್ಡಿನಿಯಾದ ಕಾರ್ಕಿನಿಂದ ತುಂಬಿಬಿಟ್ಟರು. ಕಮಾನಿನ ಕೆಳಗೆ ಖಾಲಿಯೇ ಇಲ್ಲದ ಮೇಲೆ ಅದನ್ನು ಹಿಡಿದುನಿಲ್ಲಿಸುವ ಉಕ್ಕೂ ಬೇಕಿಲ್ಲ. ವೆಜ್ ಹೀಲ್ ಬಂದದ್ದು ಹೀಗೆ. ಅಮೆರಿಕದಲ್ಲಿದ್ದಾಗ ಅಂಗರಚನಾಶಾಸ್ತ್ರದ ತರಗತಿಗಳಲ್ಲಿ ಕೂತು ಪಾದದ ಮೂಳೆಗಳನ್ನು ಅಭ್ಯಾಸ ಮಾಡಿದ್ದ ಫೆರಗಾಮೊ, ನಿಂತ ಮನುಷ್ಯನ ಭಾರಕ್ಕೆ ಕಮಾನಿನಲ್ಲಿ ಆಸರೆ ಬೇಕು ಎಂದು ಮೊದಲಿನಿಂದಲೂ ನಂಬಿದ್ದವರು.

ಬೂಟಿನ ಹೀಲ್ ಎತ್ತರ ಎನಿಸಿದರೆ ಎರಡು ಸೆಂಟಿಮೀಟರ್ ಕುಯ್ದುಕೊಡಿ ಎಂದು ಚಮ್ಮಾರರ ಮುಂದೆ ಹಿಡಿಯುವವರುಂಟು. ಕೆಲವು ಮಿಲಿಮೀಟರ್ ತೆಗೆದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ತೆಗೆದರೆ ಲಾಸ್ಟಿನ ಮೇಲೆ ಮೊದಲಿನ ಎತ್ತರಕ್ಕೆ ಬಾಗಿಸಿದ ಶ್ಯಾಂಕ್ ಹಾಗೆಯೇ ಉಳಿದು, ಬೂಟಿನ ಮೂತಿ ನೆಲ ಬಿಟ್ಟು ಮೇಲೇಳುತ್ತದೆ, ಮುಂಗಾಲು ಮಡಿಯಬೇಕಾದ ಜಾಗ ತಪ್ಪುತ್ತದೆ. ಎತ್ತರ ಇಳಿದರೂ ಬೂಟು ಕೆಡುತ್ತದೆ.

ಒಂದು ಚದರ ಸೆಂಟಿಮೀಟರ್

1950ರ ದಶಕದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನ ಡಿಯೋರ್ ಸಂಸ್ಥೆಗೆ ಬೂಟು ವಿನ್ಯಾಸ ಮಾಡುತ್ತಿದ್ದ ರೋಜೆ ವಿವಿಯೇ, ಇಟಲಿಯ ಫೆರಗಾಮೊ ಮೊದಲಾದವರು ಹೀಲನ್ನು ತೆಳ್ಳಗೆ ಮಾಡುತ್ತ ಹೋದರು. ಮರದ ಹೀಲ್ ಒಂದು ಹಂತಕ್ಕಿಂತ ತೆಳುವಾದರೆ ಎಳೆಯ ಗುಂಟ ಸೀಳುತ್ತದೆ. ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರೆದು, ಅದರ ನಡುವೆ ಲೋಹದ ಸರಳು ಹುದುಗಿಸುವ ವಿಧಾನ ಬಂದ ಮೇಲೆ ಪೆನ್ಸಿಲಿಗಿಂತ ಸಣ್ಣ ಹೀಲ್ ಸಾಧ್ಯವಾಯಿತು. ಚಿಕ್ಕ ಕಠಾರಿಯ ಇಟಾಲಿಯನ್ ಹೆಸರಿನಿಂದ ಅದನ್ನು ಸ್ಟಿಲೆಟೊ ಎಂದರು.

ಅದರ ಕಠಾರಿತನ ಬೇಗನೆ ನೆಲಗಳಿಗೆ ಗೊತ್ತಾಯಿತು. ಒತ್ತಡ ಎಂದರೆ ಬಲವನ್ನು ಅದು ಬೀಳುವ ಜಾಗದಿಂದ ಭಾಗಿಸಿದ್ದು. 60 ಕಿಲೋಗ್ರಾಂ ತೂಕದವರು ಆರು ಸೆಂಟಿಮೀಟರ್ ಉದ್ದಗಲದ ಸಾಧಾರಣ ಹೀಲ್ ಮೇಲೆ ಒಂದು ಕ್ಷಣ ಪೂರ್ತಿ ಭಾರ ಬಿಟ್ಟರೆ ಚದರ ಸೆಂಟಿಮೀಟರಿಗೆ ಸುಮಾರು 1.7 ಕಿಲೋಗ್ರಾಂ ಬೀಳುತ್ತದೆ. ಒಂದು ಚದರ ಸೆಂಟಿಮೀಟರಿನ ಸ್ಟಿಲೆಟೊ ತುದಿಯಲ್ಲಿ ಅದೇ ಭಾರ 60 ಕಿಲೋಗ್ರಾಂ. ಮೈಸೂರು ದಸರೆಯಲ್ಲಿ 750 ಕಿಲೋಗ್ರಾಂ ಅಂಬಾರಿ ಹೊತ್ತ ಐದು ಟನ್ನಿನ ಆನೆಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಅದರ ಒಂದೊಂದು ಪಾದ 40 ಸೆಂಟಿಮೀಟರ್ ವ್ಯಾಸದ್ದೆಂದು ಹಿಡಿದರೆ, ಎರಡೇ ಕಾಲು ನೆಲದಲ್ಲಿದ್ದ ಗಳಿಗೆಯಲ್ಲೂ ಚದರ ಸೆಂಟಿಮೀಟರಿಗೆ ಬೀಳುವುದು ಎರಡೂಕಾಲು ಕಿಲೋಗ್ರಾಮಿನ ಆಸುಪಾಸು. ಆನೆ ಹೋದ ಡಾಂಬರಿನಲ್ಲಿ ಗುರುತು ಉಳಿಯದೆ, ಬಿಸಿಲಿಗೆ ಮೆದುವಾದ ಅದೇ ಡಾಂಬರಿನಲ್ಲಿ ಸ್ಟಿಲೆಟೊ ತೂತು ಬೀಳಿಸುವುದು ಈ ಕಾರಣಕ್ಕೆ.

ಮರದ ನೆಲಹಾಸು, ಲಿನೋಲಿಯಂ, ವಿಮಾನದ ತೆಳು ಲೋಹದ ನೆಲ ಎಲ್ಲವೂ ಗುಳಿ ಬಿದ್ದವು. ಕ್ಯಾಲಿಫೋರ್ನಿಯಾದ ಕಡಲತೀರದ ಕಾರ್ಮೆಲ್ ಎಂಬ ಪಟ್ಟಣ 1963ರಲ್ಲಿ ಕಾನೂನನ್ನೇ ಮಾಡಿ, ಎರಡು ಇಂಚಿಗಿಂತ ಎತ್ತರದ ಮತ್ತು ಒಂದು ಚದರ ಇಂಚಿಗಿಂತ ಕಡಿಮೆ ತಳವಿರುವ ಹೀಲ್‌ಗೆ ಪರವಾನಗಿ ಬೇಕೆಂದಿತು. ಮರಗಳ ಬೇರು ಎದ್ದು ಏರುಪೇರಾದ ಕಾಲುದಾರಿಯಲ್ಲಿ ಎಡವಿ ಬಿದ್ದವರು ಪಟ್ಟಣದ ಮೇಲೆ ಮೊಕದ್ದಮೆ ಹೂಡದಿರಲಿ ಎಂಬುದು ಅದರ ಉದ್ದೇಶ. ಅಳತೆಯಲ್ಲಿ ಎತ್ತರದ ಜೊತೆ ತಳದ ವಿಸ್ತೀರ್ಣವನ್ನೂ ಸೇರಿಸಿ ಆ ಕಾನೂನು ಬರೆದವರಿಗೆ ಭೌತಶಾಸ್ತ್ರ ಸರಿಯಾಗಿಯೇ ಗೊತ್ತಿತ್ತು. ಗ್ರೀಸ್ 2009ರಲ್ಲಿ ತನ್ನ ಪ್ರಾಚೀನ ಸ್ಮಾರಕಗಳ ಕಲ್ಲು ಉಳಿಸಲು ಎತ್ತರದ ಹೀಲ್‌ಗಳನ್ನು ಅಲ್ಲಿ ನಿಷೇಧಿಸಿತು.

ತೆಳು ಹೀಲ್‌ನ ಇನ್ನೊಂದು ಸಮಸ್ಯೆ ದಣಿವು, ಹೀಲ್‌ನ ದಣಿವು. ದಿನಕ್ಕೆ ಬರೀ 4,000 ಹೆಜ್ಜೆ ನಡೆದರೂ ಒಂದೊಂದು ಹೀಲ್‌ಗೆ 2,000 ಪೆಟ್ಟು, ವರ್ಷಕ್ಕೆ ಏಳು ಲಕ್ಷದ ಮೇಲೆ. ಒಂದೇ ಪೆಟ್ಟಿಗೆ ಮುರಿಯದ ವಸ್ತು ಸಣ್ಣ ಪೆಟ್ಟುಗಳು ಸಾವಿರಾರು ಬಿದ್ದಾಗ ಒಳಗೆ ಬಿರುಕುಬಿಟ್ಟು ಒಂದು ದಿನ ಥಟ್ಟನೆ ಮುರಿಯುತ್ತದೆ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಹೀಲನ್ನು ಬುಡದಲ್ಲಿ ಬಿಗಿದು ತುದಿಗೆ ಲೋಲಕದಿಂದ ಪೆಟ್ಟು ಕೊಟ್ಟು ಎರಡು ಬಗೆಯ ಪರೀಕ್ಷೆ ಮಾಡುತ್ತಾರೆ. ಒಂದರಲ್ಲಿ ಪೆಟ್ಟಿನ ಬಲವನ್ನು ಹೆಚ್ಚಿಸುತ್ತ ಹೋಗುವುದು, ಇನ್ನೊಂದರಲ್ಲಿ ಸಣ್ಣ ಪೆಟ್ಟನ್ನೇ ಸಾವಿರಾರು ಬಾರಿ ಕೊಡುವುದು. ಚರಂಡಿಯ ಜಾಲರಿಗೆ ಸಿಕ್ಕಿ ಮುರಿಯುವ ಹೀಲ್ ಮೊದಲ ಪರೀಕ್ಷೆಗೆ ಸಂಬಂಧಿಸಿದ್ದು, ಕಾರಣವಿಲ್ಲದೆ ಮುರಿಯಿತು ಎಂದು ದೂರು ಬರುವ ಹೀಲ್ ಎರಡನೆಯದಕ್ಕೆ.

ಚರ್ಮ, ಮರ, ರಬ್ಬರ್

ಹೀಲ್ ಮಾಡುವ ಹಳೆಯ ವಿಧಾನ ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದು. ಅದನ್ನು ಹತ್ತಿರದಿಂದ ನೋಡಲು ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಸಾಕು. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ದಪ್ಪ ಚರ್ಮದ ಅಟ್ಟೆಗಳ ನಡುವೆ ಹಿಮ್ಮಡಿಯ ಜಾಗದಲ್ಲಿ ಚರ್ಮದ ಪದರಗಳನ್ನು ಇಟ್ಟು, ಚರ್ಮದ್ದೇ ದಾರದಿಂದ ಹೊಲಿಯುತ್ತಾರೆ. ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆ ಇರುವುದಿಲ್ಲ. ಮೊಳೆಯಿಲ್ಲದ್ದರಿಂದ ಸವೆದ ಮೇಲೂ ಕಾಲಿಗೆ ಚುಚ್ಚುವ ಭಯವಿಲ್ಲ, ಪದರ ಕಿತ್ತು ಬೇರೆ ಹಾಕುವುದೂ ಸುಲಭ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿ 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಇದಕ್ಕೆ ವಿರುದ್ಧ ತುದಿಯಲ್ಲಿ ಸೈನ್ಯದ ಬೂಟು. ಅದರ ಹೀಲ್‌ಗೆ ಕುದುರೆ ಲಾಳದ ಆಕಾರದ ಕಬ್ಬಿಣವನ್ನೇ ಹೊಡೆಯುತ್ತಿದ್ದರು, ಸವೆತ ತಪ್ಪಿಸಲು. ಕವಾಯತಿನ ಸದ್ದು ಅದರ ಕೊಡುಗೆ. ಸ್ಪೇನಿನ ಫ್ಲಮೆಂಕೊ ನರ್ತಕರು ಸದ್ದಿಗೆಂದೇ ಹೀಲ್‌ನಲ್ಲಿ ಸಾಲು ಮೊಳೆ ಹೊಡೆಸುತ್ತಾರೆ.

ರಬ್ಬರ್ ಹೀಲ್ ಬಂದದ್ದು ಮುದ್ರಣಾಲಯದಿಂದ. ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬಲ್ಲಿ ಹಂಫ್ರಿ ಓ'ಸಲಿವನ್ ಎಂಬ ಮುದ್ರಣ ಕಾರ್ಮಿಕ ಇಡೀ ದಿನ ಕಲ್ಲಿನ ನೆಲದ ಮೇಲೆ ನಿಂತು ಕೆಲಸ ಮಾಡುತ್ತಿದ್ದ. ಕಾಲು ನೋವು ತಾಳದೆ ಒಂದು ರಬ್ಬರ್ ಚಾಪೆ ತಂದು ಹಾಸಿಕೊಂಡ. ಸಹೋದ್ಯೋಗಿಗಳು ಅದನ್ನು ಎತ್ತಿಕೊಂಡು ಹೋಗುವುದು ನಿಲ್ಲದಾದಾಗ, ಹಿಮ್ಮಡಿಯ ಅಳತೆಗೆ ಎರಡು ತುಂಡು ಕತ್ತರಿಸಿ ಬೂಟಿಗೇ ಜಡಿದುಬಿಟ್ಟ ಎಂಬುದು ಆತನ ಕುರಿತು ಹೇಳುವ ಕಥೆ. 1899ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದು ಹೀಲ್‌ನ ಒಡಲು ಮರದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ನೆಲ ಮುಟ್ಟುವ ಕೊನೆಯ ತುಂಡು ಸಾಮಾನ್ಯವಾಗಿ ರಬ್ಬರ್ ಅಥವಾ ಪಾಲಿಯುರಿಥೇನಿನದು. ಸವೆಯುವುದಕ್ಕೆಂದೇ ಇಟ್ಟ ಆ ತುಂಡನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಹೀಲ್‌ನ ಒಡಲೇ ಸವೆಯತೊಡಗುತ್ತದೆ, ಆಮೇಲೆ ದುರಸ್ತಿ ದುಬಾರಿ.

ದೇಹ ಹೊಂದಿಕೊಳ್ಳುವ ಬಗೆ

ಹೀಲ್ ಏರಿದಂತೆ ಭಾರ ಮುಂಗಾಲಿಗೆ, ಅದರಲ್ಲೂ ಹೆಬ್ಬೆರಳ ಬುಡದ ಕಡೆಗೆ ಸರಿಯುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ಹರಡಿನ ಕೀಲು ಸಡಿಲವಾಗುತ್ತದೆ. ಇದಕ್ಕೆ ಅಂಗರಚನೆಯಲ್ಲೇ ಕಾರಣವಿದೆ. ಹರಡಿನಲ್ಲಿ ಕಣಕಾಲಿನ ಎರಡು ಮೂಳೆಗಳ ನಡುವಿನ ಗೂಡಿನಲ್ಲಿ ಟೇಲಸ್ ಎಂಬ ಮೂಳೆ ಕೂತಿದೆ. ಅದರ ಮುಂಭಾಗ ಅಗಲ, ಹಿಂಭಾಗ ಕಿರಿದು. ಪಾದ ಚಪ್ಪಟೆಯಾಗಿದ್ದಾಗ ಅಗಲದ ಭಾಗ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಹಿಮ್ಮಡಿ ಎತ್ತಿದಾಗ ಕಿರಿದಾದ ಭಾಗ ಗೂಡಿಗೆ ಬಂದು ಪಕ್ಕಕ್ಕೆ ಅಲ್ಲಾಡಲು ಎಡೆಯಾಗುತ್ತದೆ. ಎತ್ತರದ ಹೀಲ್‌ನಲ್ಲಿ ಕಾಲು ಉಳುಕುವುದು ಬರೀ ತುದಿಯ ತೆಳುತನದಿಂದಲ್ಲ, ಕೀಲೂ ಆಗ ಕೈಬಿಟ್ಟಿರುತ್ತದೆ.

ಮ್ಯಾಂಚೆಸ್ಟರ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಮಾರ್ಕೊ ನರೀಚಿ ಮತ್ತು ಸಂಗಡಿಗರು ಐದು ಸೆಂಟಿಮೀಟರಿಗಿಂತ ಎತ್ತರದ ಹೀಲನ್ನು ವರ್ಷಗಟ್ಟಲೆ, ವಾರದ ಬಹುಪಾಲು ದಿನ ತೊಟ್ಟ ಮಹಿಳೆಯರನ್ನು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದರು. ಅವರ ಮೀನಖಂಡದ ಸ್ನಾಯುವಿನ ಎಳೆಗಳು ಇತರರಿಗಿಂತ ಶೇ. 12-13ರಷ್ಟು ಗಿಡ್ಡವಾಗಿದ್ದವು, ಅಕಿಲಿಸ್ ರಜ್ಜು ದಪ್ಪವಾಗಿ ಬಿರುಸಾಗಿತ್ತು. ಗಿಡ್ಡವಾದ ಸ್ನಾಯುವನ್ನು ಬಿರುಸಾದ ರಜ್ಜು ಸರಿದೂಗಿಸಿದ್ದರಿಂದ ಬಲ ಕುಂದಿರಲಿಲ್ಲ, ಹರಡು ಬಾಗುವ ವ್ಯಾಪ್ತಿ ಮಾತ್ರ ಕಡಿಮೆಯಾಗಿತ್ತು. ರೂಢಿಯಾದವರಿಗೆ ಚಪ್ಪಟೆ ಚಪ್ಪಲಿ ತೊಟ್ಟಾಗಲೇ ಮೀನಖಂಡ ಎಳೆದಂತಾಗುವುದು ಭ್ರಮೆಯಲ್ಲ ಎಂದಾಯಿತು.

ಮೊಣಕಾಲಿನ ಕಥೆ ಬೇರೆ. ಹಾರ್ವರ್ಡ್‌ನಲ್ಲಿದ್ದ ಕೇಸಿ ಕೆರಿಗನ್ ತಂಡ 1998ರಲ್ಲಿ ಎತ್ತರದ ಹೀಲ್ ಮೊಣಕಾಲಿನ ಒಳಮಗ್ಗುಲಿನ ಹೊರೆಯನ್ನು ಸರಾಸರಿ ಶೇ. 23ರಷ್ಟು ಹೆಚ್ಚಿಸುವುದನ್ನು ಅಳೆಯಿತು. ಕೀಲು ಸವೆತ ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಅದೂ ಒಂದು. ಮೂರು ವರ್ಷದ ಬಳಿಕ ಅದೇ ತಂಡ ಅಗಲ ಹೀಲನ್ನು ಪರೀಕ್ಷಿಸಿದಾಗಲೂ ಮೊಣಕಾಲಿನ ಹೊರೆ ಇಳಿಯಲಿಲ್ಲ. ಅಗಲ ಹೀಲ್ ಬೀಳುವುದನ್ನು ತಪ್ಪಿಸಬಹುದು, ಮೊಣಕಾಲಿಗೆ ವಿನಾಯಿತಿ ಕೊಡುವುದಿಲ್ಲ. ಹೀಲ್ ತೊಟ್ಟರೆ ಸೊಂಟದ ಬಾಗು ಹೆಚ್ಚುತ್ತದೆ ಎಂಬ ಜನಪ್ರಿಯ ಮಾತಿಗಾದರೋ ಅಳತೆಗಳ ಒಮ್ಮತದ ಬೆಂಬಲವಿಲ್ಲ. ಹಲವು ಅಧ್ಯಯನಗಳಲ್ಲಿ ಬಾಗು ಬದಲಾಗಿಲ್ಲ, ಕೆಲವರಲ್ಲಿ ಕಡಿಮೆಯೇ ಆಗಿದೆ.

ಎತ್ತುವುದು, ಇಳಿಸುವುದು

ಹರಡು ಸಾಕಷ್ಟು ಮುಂದಕ್ಕೆ ಬಾಗದಿದ್ದರೆ ಹಿಮ್ಮಡಿ ಊರಿಕೊಂಡು ಕುಕ್ಕರುಗಾಲಲ್ಲಿ ಕೂರಲಾಗದು; ಹಿಂದಕ್ಕೆ ಬೀಳುತ್ತಾರೆ. ಬಾಲ್ಯದಿಂದ ಹಾಗೆ ಕೂತು ರೂಢಿಯಿರುವ ಹಳ್ಳಿಗರಿಗೆ ಇದು ಸಮಸ್ಯೆಯಲ್ಲ. ಭಾರ ಎತ್ತುವ ಕ್ರೀಡಾಪಟುಗಳಿಗೆ ಭುಜದ ಮೇಲೆ ನೂರಾರು ಕಿಲೋಗ್ರಾಂ ಹೊತ್ತು ಆ ಭಂಗಿಗೆ ಇಳಿಯಬೇಕಾಗುವುದರಿಂದ ಅವರ ಬೂಟಿನಲ್ಲಿ ಸುಮಾರು ಎರಡು ಸೆಂಟಿಮೀಟರಿನ ಹೀಲ್ ಇರುತ್ತದೆ. ಅದು ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದು, ಮೆತ್ತಗಿನದಲ್ಲ. ಅಷ್ಟು ಭಾರದಡಿ ಹೀಲ್ ಅಮುಕಿದರೆ ಸಮತೋಲ ತಪ್ಪುತ್ತದೆ. ಓಟದ ಬೂಟಿನ ಹೀಲ್‌ಗೆ ಇದರ ತದ್ವಿರುದ್ಧ ಗುಣ ಬೇಕು. ಹಿಮ್ಮಡಿ ಮೊದಲು ಊರುವ ಓಟಗಾರರಿಗಾಗಿ ಅಲ್ಲಿ ನೊರೆ ಪ್ಲಾಸ್ಟಿಕ್ಕಿನ ದಪ್ಪ ಮೆತ್ತೆ, ಮುಂಗಾಲಿಗಿಂತ ಹತ್ತು ಹನ್ನೆರಡು ಮಿಲಿಮೀಟರ್ ಎತ್ತರ. ಹಾರ್ವರ್ಡ್‌ನ ಡೇನಿಯಲ್ ಲೀಬರ್ಮನ್ 2010ರಲ್ಲಿ, ಬರಿಗಾಲಲ್ಲೇ ಓಡಿ ಬೆಳೆದವರಲ್ಲಿ ಹೆಚ್ಚಿನವರು ಮುಂಗಾಲನ್ನು ಮೊದಲು ಊರುತ್ತಾರೆಂದು ತೋರಿಸಿದ ಮೇಲೆ ಹೀಲ್ ಇಳಿಸಿದ ಓಟದ ಬೂಟುಗಳೂ ಬಂದವು.

ಹೀಲನ್ನು ಮುಂಗಾಲಿಗಿಂತ ಕೆಳಗಿಳಿಸಿದ ಬೂಟೂ ಇತ್ತು. ಡೆನ್ಮಾರ್ಕಿನ ಯೋಗ ಶಿಕ್ಷಕಿ ಆನೆ ಕಾಲ್ಸೊ ರೂಪಿಸಿದ ಅದು 1970ರಲ್ಲಿ, ಮೊದಲ ಭೂಮಿ ದಿನದ ವರ್ಷವೇ ನ್ಯೂಯಾರ್ಕಿಗೆ ಬಂದು ಅರ್ತ್ ಶೂ ಎನಿಸಿಕೊಂಡು ಕೆಲವು ವರ್ಷ ಮೆರೆಯಿತು.

ಮೂಳೆ ವೈದ್ಯರಿಗೆ ಹೀಲ್ ಒಂದು ಉಪಕರಣ. ಹತ್ತೊಂಬತ್ತನೇ ಶತಮಾನದಲ್ಲಿ ಲಿವರ್‌ಪೂಲಿನಲ್ಲಿದ್ದ ಹ್ಯೂ ಓವೆನ್ ಥಾಮಸ್ ಹೆಸರಿನ ಥಾಮಸ್ ಹೀಲ್‌ನಲ್ಲಿ ಒಳಮಗ್ಗುಲು ತುಸು ಮುಂದಕ್ಕೆ ಚಾಚಿಕೊಂಡು ಕುಸಿದ ಕಮಾನಿಗೆ ಆಸರೆಯಾಗುತ್ತದೆ. ಅಕಿಲಿಸ್ ರಜ್ಜು ನೊಂದವರಿಗೆ ಹಿಮ್ಮಡಿಯಡಿ ಸಣ್ಣ ಮೆತ್ತೆ ಇಟ್ಟರೆ ಎಳೆತ ತಗ್ಗುತ್ತದೆ. ಒಂದು ಕಾಲು ಗಿಡ್ಡವಿದ್ದರೆ ಸುಮಾರು ಒಂದು ಸೆಂಟಿಮೀಟರಿನವರೆಗಿನ ಕೊರತೆಯನ್ನು ಬೂಟಿನ ಒಳಗೇ ತುಂಬಬಹುದು. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿ ಬೂಟಿನಿಂದ ಮೇಲೆದ್ದುಬಿಡುವುದರಿಂದ ಅಟ್ಟೆಯ ಹೊರಗೆ ಕಟ್ಟಬೇಕು.

ಕೃತಕ ಕಾಲಿನಲ್ಲಿ ಹೀಲ್‌ನ ಲೆಕ್ಕ ಇನ್ನೂ ಕಟ್ಟುನಿಟ್ಟು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಯಾಚ್ ಪಾದಕ್ಕೆ ಬಾಗುವ ಹರಡೇ ಇಲ್ಲ. ಹಿಮ್ಮಡಿಯಲ್ಲಿ ಬೆಣೆಯಾಕಾರದ ಮೆದು ರಬ್ಬರ್ ಇದೆ. ನೆಲ ಮುಟ್ಟಿದಾಗ ಅದು ಅಮುಕಿ, ಹರಡು ಬಾಗಿದ ಹಾಗೆ ಪಾದವನ್ನು ನೆಲಕ್ಕೆ ಇಳಿಸುತ್ತದೆ. ಆ ಪಾದ ಬೂಟಿನೊಳಗೆ ಇರುತ್ತದೆ, ಬೂಟಿಗೆ ಇಂತಿಷ್ಟು ಹೀಲ್ ಇರುತ್ತದೆ ಎಂದು ಹಿಡಿದೇ ಅದನ್ನು ಕಾಲಿಗೆ ಜೋಡಿಸುತ್ತಾರೆ. ಅದಕ್ಕಿಂತ ಎತ್ತರದ ಹೀಲ್ ತೊಟ್ಟರೆ ಬಾಗದ ಹರಡಿನ ಮೇಲೆ ಇಡೀ ಕಾಲು ಮುಂದಕ್ಕೆ ವಾಲಿ ಮೊಣಕಾಲು ಮಡಚಿಕೊಳ್ಳುತ್ತದೆ. ತಗ್ಗಾದರೆ ಕಾಲು ಹಿಂದಕ್ಕೆ ವಾಲಿ ಮೊಣಕಾಲು ಹಿಮ್ಮುಖವಾಗಿ ಸೆಟೆದುಕೊಳ್ಳುತ್ತದೆ. ಮನೆಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬರಿಗಾಲಲ್ಲಿ ಓಡಾಡುವ, ಗದ್ದೆಯ ಕೆಸರಿಗಿಳಿಯುವ, ನೆಲದ ಮೇಲೆ ಕೂರುವ ಭಾರತೀಯರಿಗೆ ಇಂಥ ಪಾದ ಕೈಗೆ ಬಂದರೂ ಬಾಳಿಗೆ ಒದಗಲಿಲ್ಲ. ಜೈಪುರದಲ್ಲಿ ಮೂಳೆ ವೈದ್ಯ ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1960ರ ದಶಕದ ಕೊನೆಗೆ ರಬ್ಬರಿನಿಂದ ಮಾಡಿದ ಜೈಪುರ ಪಾದ ಈ ಕೊರತೆಯನ್ನು ತುಂಬಿತು. ಅದಕ್ಕೆ ಬೂಟೂ ಬೇಡ, ಹೀಲೂ ಬೇಡ. ಎಲ್ಲ ದಿಕ್ಕಿಗೂ ಬಾಗುವುದರಿಂದ ಕುಕ್ಕರುಗಾಲಲ್ಲಿ ಕೂರಲೂ ಬರುತ್ತದೆ. ಬೇರೆ ಬೇರೆ ಬೂಟು ತೊಡಲೇಬೇಕಾದವರಿಗಾಗಿ ಈಗ ಹರಡಿನ ಬಳಿ ಗುಂಡಿಯೊತ್ತಿ ಹೀಲ್ ಎತ್ತರಕ್ಕೆ ತಕ್ಕಂತೆ ಕೋನ ಬದಲಿಸಿಕೊಳ್ಳುವ ಕೃತಕ ಪಾದಗಳೂ ಬಂದಿವೆ.